ಅಪ್‌ಡೇಟ್: ಒಣಎಲೆ ರಾಶಿ ಏನಾಯ್ತು ಅಂದ್ರೆ

ಹೋದ ತಿಂಗಳು ಕೇಳಿದ್ದೆನಲ್ಲಾ, ಕುವೆಂಪುನಗರದ ನಮ್ಮ ಹಿತ್ತಲಲ್ಲಿ ಮಾವು, ಸೀಬೆ ಎಲೆ ರಾಶಿ ಬಿದ್ದಿದೆ, ಗೊಬ್ಬರದ ಗುಂಡಿ ಬೇರೆ ನಾರುತ್ತಿದೆ, ಎಲೆ ಸುಟ್ಟುಬಿಡಲಾ ಅಂತ?

ಸುಡಲಿಲ್ಲ. ಗುಂಡಿ ನಾರಿದ್ದಕ್ಕೆ ತಪ್ಪು ನನ್ನದೇ. ಬರೀ ಹಸಿ ಹುಲ್ಲು, ತರಕಾರಿ ಸಿಪ್ಪೆ ಸುರಿಯುತ್ತಿದ್ದೆ. ಈಗ 1 ಬುಟ್ಟಿ ಹಸಿಗೆ 3 ಬುಟ್ಟಿ ಒಣಎಲೆ, ಮೇಲೊಂದಿಷ್ಟು ಸಗಣಿ ನೀರು. ವಾರಕ್ಕೊಮ್ಮೆ ಮಗುಚುತ್ತೇನೆ. ವಾಸನೆ ಹೋಯಿತು. ಮೊನ್ನೆ ಬೆಳಗಿನ ಚಳಿಯಲ್ಲಿ ಕೆದಕಿದರೆ ಒಳಗಿಂದ ಹಬೆ ಎದ್ದಿತು! ನಮ್ಮತ್ತೆ, "ಇಡ್ಲಿ ಬೇಯಿಸ್ತಿದ್ದೀಯೇನೇ?" ಅಂದರು.

ಉಳಿದ ಎಲೆಯನ್ನು ಗುಲಾಬಿ ಬುಡಕ್ಕೆ ಹರಡಿದ್ದೇನೆ, ಮಣ್ಣು ಬೇಗ ಒಣಗುತ್ತಿಲ್ಲ. ಗುಂಡಿಯಲ್ಲಿ ದಾಸವಾಳದ ದಪ್ಪ ಕಡ್ಡಿಗಳು ಮಾತ್ರ ಕೊಳೆಯದೆ ಹಾಗೇ ಇವೆ, ಚೂರು ಮಾಡಿ ಹಾಕಬೇಕಿತ್ತು. ಹಿಟ್ಟು ತಿಗಣೆ (ಬಿಳಿ ಹಿಟ್ಟು ಮೆತ್ತಿದಂತೆ ಕಾಣುವ ಕೀಟ) ಹತ್ತಿದ್ದ ಕೊಂಬೆಗಳನ್ನು ಗುಂಡಿಗೆ ಹಾಕದೆ ಕಸದ ಗಾಡಿಗೆ ಕೊಟ್ಟೆ.