ಸಹಾಯ ಬೇಕು: ಕಣ್ಣಳತೆಯಲ್ಲೇ ಫೋಟೋ ಪ್ರಿಂಟ್ ಹಾಕುತ್ತಿದ್ದ ಹಿರಿಯರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ನಮ್ಮ ಮನೆಯ ಉಗ್ರಾಣವನ್ನೇ ಡಾರ್ಕ್‌ರೂಮ್ ಮಾಡಿಕೊಂಡು, ಅಪ್ಪ ತೆಗೆದಿದ್ದ ಏಳು ಸುತ್ತಿನ ಕೋಟೆಯ ಕಪ್ಪು-ಬಿಳುಪು ನೆಗೆಟಿವ್‌ಗಳಿಂದ ಪ್ರಿಂಟ್ ಹಾಕುತ್ತಿದ್ದೇನೆ. ಅಪ್ಪ ಬೆಳಕು ಅಳೆಯುವ ಮೀಟರ್ ಮುಟ್ಟಿದವರಲ್ಲ. ನೆಗೆಟಿವ್ ಬಿಂಬವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಎನ್‌ಲಾರ್ಜರ್ ಕೆಳಗೆ ಬಿದ್ದ ಬಿಂಬವನ್ನು ನೋಡಿಯೇ ಎಷ್ಟು ಸೆಕೆಂಡ್ ಬೆಳಕು ಕೊಡಬೇಕು ಎಂದು ಹೇಳುತ್ತಿದ್ದರು. ನನಗೂ ಆ ಕಣ್ಣು ಬೇಕು.

5, 10, 15, 20 ಸೆಕೆಂಡುಗಳ ಪರೀಕ್ಷಾ ಪಟ್ಟಿ (ಒಂದೇ ಕಾಗದದ ಚೂರಿಗೆ ಭಾಗ ಭಾಗವಾಗಿ ಬೇರೆ ಬೇರೆ ಹೊತ್ತು ಬೆಳಕು ಕೊಟ್ಟ ಮಾದರಿ) ತೆಗೆದೇ ಶುರು ಮಾಡುತ್ತೇನೆ. ಆದರೂ ಕೆಂಪು ದೀಪದಡಿ ಸರಿಯಾಗಿ ಕಂಡದ್ದು ಬಿಳಿ ಬೆಳಕಿಗೆ ಬಂದರೆ ತೆಳು, ಬಿಳಿಚಿಕೊಂಡಂತೆ. ಅದನ್ನು ಸರಿಪಡಿಸಿಕೊಂಡರೆ ಫೈಬರ್ ಕಾಗದ (ಪ್ಲಾಸ್ಟಿಕ್ ಲೇಪವಿಲ್ಲದ ಫೋಟೋ ಕಾಗದ) ಒಣಗುತ್ತಾ ಮತ್ತಷ್ಟು ಕಪ್ಪಾಗುತ್ತದೆ. ಒದ್ದೆಯಿದ್ದಾಗ ಬಂಡೆಯ ಮೇಲೆ ಹೊಳೆಯುತ್ತಿದ್ದ ಬಿಸಿಲು ಬೆಳಗಾಗುವಷ್ಟರಲ್ಲಿ ಮಂಕು. ಇದೇ ನನ್ನ ನಿಜವಾದ ಸಂಕಟ.

ಒದ್ದೆ ಪ್ರಿಂಟ್ ನೋಡಲು ಎಷ್ಟು ವ್ಯಾಟಿನ ಬಲ್ಬನ್ನು ಎಷ್ಟು ದೂರದಲ್ಲಿ ಇಡುತ್ತಿದ್ದಿರಿ? ಒಣಗಿದ ಮೇಲಿನ ಕಪ್ಪನ್ನು ಮೊದಲೇ ಹೇಗೆ ಅಂದಾಜು ಮಾಡುತ್ತಿದ್ದಿರಿ? ದಾವಣಗೆರೆಯಲ್ಲಿದ್ದರೂ ಸರಿ, ದಯವಿಟ್ಟು ತಿಳಿಸಿ. ನೆಗೆಟಿವ್ ಹಿಡಿದುಕೊಂಡು ನಾನೇ ಬರುತ್ತೇನೆ.