ಸೀರಿಯಲೈಸ್ ಎಂಬುದಕ್ಕೆ ‘ಸರಣೀಕರಣ’ ಸರಿಯೇ?

ಪ್ರಶ್ನೆ:
ವೆಬ್ ಪುಟಗಳನ್ನು ರೂಪಿಸಲು ಬಳಸುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠವೊಂದನ್ನು ಅನುವಾದಿಸುತ್ತಿದ್ದೇನೆ. ಅದು ನಾಳೆಯೇ ಅಚ್ಚಿಗೆ ಹೋಗಬೇಕಾಗಿದೆ. ಹಲವು ಮೌಲ್ಯಗಳನ್ನು ಒಂದೇ ಹೆಸರಿನಡಿ ಇಡುವ ಅರೇ ಎಂಬುದಕ್ಕೆ ‘ಸರಣಿ’ಯನ್ನು ಬಳಸಿದ್ದೇನೆ. ಅದನ್ನು ಮುಂದಿನ ಪುಟಕ್ಕೆ ಕಳುಹಿಸುವ ಮುನ್ನ ಒಂದೇ ಅಕ್ಷರಮಾಲೆಯಾಗಿಸುವ ಸೀರಿಯಲೈಸ್ ಎಂಬ ಕ್ರಿಯೆಗೆ ‘ಸರಣೀಕರಣ’ ಎಂದು ಬರೆಯಬಹುದೇ? ಬಳಕೆದಾರರ ಮಾಹಿತಿಯನ್ನು ಪುಟದಿಂದ ಪುಟಕ್ಕೆ ಉಳಿಸಿಕೊಳ್ಳುವ ಸೆಷನ್‌ಗೂ ಒಂದು ಪದ ಬೇಕು.

ಮೊದಲ ಉತ್ತರ:
‘ಸರಣೀಕರಣ’ ಖಂಡಿತ ಬೇಡ. ಅಲ್ಲಿರುವ ಈಕಾರ ಸಂಸ್ಕೃತದ ‘ಚ್ವಿ’ ಎಂಬ ಪ್ರತ್ಯಯದ್ದು. ಸರಣಿಯಲ್ಲದ್ದನ್ನು ಸರಣಿಯಾಗಿಸುವುದು ಎಂಬುದಷ್ಟೇ ಅದರ ಅರ್ಥ. ಇಲ್ಲಿ ನಡೆಯುವುದು ಅದಕ್ಕೆ ತದ್ವಿರುದ್ಧವಾದ ಕೆಲಸ. ಮೂರು ಬಣ್ಣಗಳ ಹೆಸರುಗಳಿರುವ ಸರಣಿಯನ್ನು ಫಾರ್ಮಿನ ಅಡಗಿಸಿದ ಕ್ಷೇತ್ರದಲ್ಲಿ ಹಾಗೆಯೇ ಮುದ್ರಿಸಿದರೆ, ಮುಂದಿನ ಪುಟಕ್ಕೆ ತಲುಪುವುದು ‘ಅರೇ’ ಎಂಬ ಒಂದು ಪದವೇ ಹೊರತು ಬಣ್ಣಗಳಲ್ಲ. ಆದ್ದರಿಂದಲೇ ಸರಣಿಯನ್ನು ಬಿಡಿಸಿ, ಒಂದರ ಹಿಂದೊಂದಾಗಿ ಅಕ್ಷರಗಳಲ್ಲಿ ನಿಲ್ಲಿಸಿ, ಆಚೆ ಕಡೆಯಲ್ಲಿ ಮತ್ತೆ ಕಟ್ಟಿಕೊಳ್ಳಬೇಕಾಗುತ್ತದೆ. ಇದಕ್ಕೆ ‘ಸಾಲುಗಟ್ಟಿಸು’ ಎಂಬ ಕನ್ನಡದ್ದೇ ಪದವಿದೆ. ನೇಗಿಲ ಸಾಲಿನ ‘ಸಾಲು’ ಅದು. ಸಂಸ್ಕೃತದ ‘ಸರಣಿ’ಗಾದರೋ ದಾರಿ ಎಂಬುದೂ ಅರ್ಥ, ಅರೇಗೆ ಅದನ್ನು ಅಂಟಿಸಿದ್ದೇ ನನಗೆ ಒಪ್ಪಿಗೆಯಿಲ್ಲ.

ಎರಡನೆಯ ಉತ್ತರ:
ಬಳಕೆಯಲ್ಲಿ ನೆಲೆನಿಂತ ‘ಸರಣಿ’ಯನ್ನು ವ್ಯುತ್ಪತ್ತಿಯ ಹೆಸರಿನಲ್ಲಿ ಕೀಳುವುದು ವ್ಯರ್ಥ. ಪಿಎಚ್‌ಪಿಯಲ್ಲಿ ಸರಣಿಯ ಒಂದೊಂದು ಮೌಲ್ಯವನ್ನು ಗುರುತಿಸುವ ಸೂಚಿಗಳು ಅಂಕಿಗಳೇ ಆಗಿರಬೇಕಿಲ್ಲ, ಪದಗಳೂ ಆಗಬಹುದು. ಹೀಗಿರುವಾಗ ಯಾವ ಮೂಲಾರ್ಥವೂ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಸೆಷನ್ ‘ಸೆಷನ್’ ಎಂದೇ ಇರಲಿ. ‘ಅಧಿವೇಶನ’ ಎಂದರೆ ಓದುಗರಿಗೆ ಶಾಸನಸಭೆ ನೆನಪಾಗುತ್ತದೆ. ಕಾಗದ, ಕಚೇರಿ ಎಂಬ ಎರವಲು ಪದಗಳನ್ನು ಒಪ್ಪಿಕೊಂಡವರಿಗೆ ಇದೊಂದು ಮಾತ್ರ ಏಕೆ ಭಾರವಾಗಬೇಕು?

ಪದಕ್ಕಿಂತ ಮುಖ್ಯವಾದ ಮಾತೊಂದಿದೆ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿ ಹಿಂದಿನ ಕೋರಿಕೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ಸೆಷನ್ನಿನಲ್ಲಿಟ್ಟ ಸರಣಿ ಸರ್ವರ್‌ನಲ್ಲಿಯೇ ಉಳಿಯುತ್ತದೆ. ಬ್ರೌಸರ್‌ಗೂ ಸರ್ವರ್‌ಗೂ ನಡುವೆ ಓಡಾಡುವುದು ಸಾಮಾನ್ಯವಾಗಿ ಕುಕಿಯಲ್ಲಿ, ಅಂದರೆ ಬ್ರೌಸರ್ ಇಟ್ಟುಕೊಳ್ಳುವ ಪುಟ್ಟ ಮಾಹಿತಿತುಣುಕಿನಲ್ಲಿ, ಇರುವ ಗುರುತು ಮಾತ್ರ. ಆದ್ದರಿಂದ ಆ ಭಾಗದಲ್ಲಿ ‘ಸರಣಿಯನ್ನು ಕಳುಹಿಸು’ ಎಂದು ಬರೆದರೆ ತಪ್ಪಾಗುತ್ತದೆ. ‘ಇರಿಸು’, ‘ಪಡೆ’ ಎನ್ನಿ. ಸೀರಿಯಲೈಸ್ ಎಂಬುದು ಕಲಿಯುವವರು ಕೈಯಾರೆ ಟೈಪ್ ಮಾಡಬೇಕಾದ ಫಂಕ್ಷನ್ನಿನ ಹೆಸರಾದ್ದರಿಂದ ಅದನ್ನು ಅನುವಾದಿಸುವ ಅಗತ್ಯವೇ ಇಲ್ಲ.

ಮೊದಲ ಉತ್ತರ ಬರೆದವರಿಂದ:
ಸೆಷನ್ ಇರಲಿ, ನನ್ನ ತಕರಾರಿಲ್ಲ. ‘ಇರಿಸು’ ಎಂಬ ತಿದ್ದುಪಡಿಯೂ ಸರಿಯಾಗಿದೆ. ಆದರೆ ನಾಮಪದದ ಎರವಲು ಬೇರೆ, ಕ್ರಿಯಾಪದದ ಎರವಲು ಬೇರೆ. ‘ಸೀರಿಯಲೈಸ್ ಮಾಡು’ ಎಂಬಂತೆ ಹೊರಗಿನ ಕ್ರಿಯಾಪದಗಳಿಗೆಲ್ಲ ‘ಮಾಡು’ ಸೇರಿಸುತ್ತ ಹೋದರೆ, ಕಟ್ಟು, ಬಿಡಿಸು, ಜೋಡಿಸು ಎಂಬ ಸೂಕ್ಷ್ಮ ಭೇದಗಳೆಲ್ಲ ಆ ಒಂದೇ ‘ಮಾಡು’ವಿನಲ್ಲಿ ಕರಗಿಹೋಗುತ್ತವೆ. ಫಂಕ್ಷನ್ನಿನ ಹೆಸರು ಕೋಡಿನಲ್ಲಿ ಇದ್ದಂತೆಯೇ ಇರಲಿ; ಅದನ್ನು ವಿವರಿಸುವ ವಾಕ್ಯದಲ್ಲಿ ‘ಸಾಲುಗಟ್ಟಿಸು’ ಎಂದೇ ಅಚ್ಚು ಹಾಕಿಸಿ.