ಸಹಾಯ ಬೇಕು: ದೀನತೆ ಅಂದರೆ ತನ್ನನ್ನು ತಾನೇ ಹಳಿದುಕೊಳ್ಳುವುದಾ?

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಬಳ್ಳಾರಿಯಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬಹಳ ಚೆನ್ನಾಗಿ ಹಾಡುತ್ತಾಳೆ. ಹೋದ ಭಾನುವಾರ ಹೊಗಳಿದೆ. ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, "ನಾನು ಯಾತಕ್ಕೂ ಬಾರದವಳು ಅಕ್ಕಾ. ಹಾಗೆ ಅಂದುಕೊಂಡರೇ ದೀನತೆ ಅಲ್ವಾ?" ಅಂದಳು. ಕರುಳು ಚುರುಕ್ ಅಂತು.

ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆ 12:3ರಲ್ಲಿ ಪೌಲನು ನಿಮ್ಮನ್ನು ನೀವೇ ಜಾಸ್ತಿ ಎಣಿಸಿಕೊಳ್ಳಬೇಡಿ ಅನ್ನುತ್ತಾನೆ, ಕೀಳಾಗಿ ಎಣಿಸಿಕೊಳ್ಳಿ ಅನ್ನುವುದಿಲ್ಲ. ಯೋಹಾನ 13ರಲ್ಲಿ ಯೇಸು ಶಿಷ್ಯರ ಕಾಲು ತೊಳೆದದ್ದು ತಾನು ದೇವರಿಂದ ಬಂದವನು ಅಂತ ಚೆನ್ನಾಗಿ ತಿಳಿದೇ. ನನಗೆ ಇದು ಅರ್ಥವಾಗುತ್ತದೆ, ಅವಳ ಮನಸ್ಸಿಗೆ ಮುಟ್ಟಿಸಲು ಬರುತ್ತಿಲ್ಲ. ಸುಮ್ನೆ ವಚನ ಓದಿಸಿದರೆ ತಲೆ ತಗ್ಗಿಸುತ್ತಾಳೆ.

ಈ ವಯಸ್ಸಿನ ಮಕ್ಕಳಿಗೆ ಕಲಿಸಿದವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ? ಬರುವ ಭಾನುವಾರ ಅವಳಿಂದಲೇ ಹಾಡಿಸಬೇಕು ಅಂತ ಆಸೆ. ಒತ್ತಾಯ ಆಗುತ್ತದಾ?